ಗ್ಯಾರೇಜಿನಲ್ಲಿ ನೀರು ತುಂಬುವ ಹಬ್ಬ

ನಮ್ಮ ಅಡುಗೆಮನೆಯ ಮೂರನೆಯ ಡ್ರಾಯರಿನಲ್ಲಿ ಕತ್ತರಿ, ದಾರದುಂಡೆ, ಹಳೆಯ ಬ್ಯಾಟರಿಗಳ ಜೊತೆ ವಾಟರ್ ಹೀಟರಿನ ಒಂದು ಸುಟ್ಟ ಕಾಯಿಲ್ ಇದೆ. ಗೇಣಿಗಿಂತ ತುಸು ಉದ್ದ. ಹೆಂಗಸರ ಹೇರ್‌ಪಿನ್ನನ್ನು ದೊಡ್ಡದು ಮಾಡಿದ ಹಾಗೆ ಬಾಗಿದ ಸರಳು, ನಡುವೆ ಒಂದು ಕಡೆ ಬಾಯಿಬಿಟ್ಟು ಕಪ್ಪಾಗಿದೆ. ಉಪಯೋಗವಿಲ್ಲದ ಯಾವ ವಸ್ತುವೂ ನನ್ನ ಮನೆಯಲ್ಲಿ ಆರು ತಿಂಗಳು ದಾಟುವುದಿಲ್ಲ. ನಮ್ಮ ಮನೆಯವರು ತಮ್ಮ ಬಗ್ಗೆಯೂ ಆ ಭಯ ಇದೆ ಎನ್ನುತ್ತಾರೆ. ಆದರೆ ಈ ಕಾಯಿಲ್ ಹೇಗೋ ಉಳಿದುಕೊಂಡಿದೆ. ಮೊನ್ನೆ ಟೇಪು ಹುಡುಕುವಾಗ ಕೈಗೆ ತಗುಲಿತು. ಟೇಪು ಸಿಗಲಿಲ್ಲ, ಅರ್ಧ ದಿನ ಹೋಯಿತು.

ಅದನ್ನು ನನ್ನ ಕೈಗಿತ್ತವನು ಒಬ್ಬ ಪ್ಲಂಬರ್. ಆರಡಿ ದಾಟಿದ ಆಳು, ಕೆಂಪು ಗಡ್ಡ. ನಮ್ಮ ಗ್ಯಾರೇಜಿನ ಮೂಲೆಯಲ್ಲಿದ್ದ ವಾಟರ್ ಹೀಟರನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಹೀಟರಿನ ಕುತ್ತಿಗೆಗೆ ಬಳ್ಳಿಯ ಹಾರ, ಹೊಟ್ಟೆಯ ಮೇಲೆ ಕೆಮ್ಮಣ್ಣಿನ ಪಟ್ಟೆ, ನಡುವೆ ಅರಿಸಿನ ಕುಂಕುಮ, ಬುಡದಲ್ಲಿ ರಂಗೋಲಿ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇವತ್ತು ಇದರ ಬರ್ತ್‌ಡೇಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಹೆಚ್ಚು ಕಡಿಮೆ ಹಾಗೇ ಎಂದೆ. ಪಾಪ, ಹಾರವನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಕೆಲಸ ಶುರು ಮಾಡಿದ.

ನೀವು ತಿಪಟೂರು, ಅರಸೀಕೆರೆ ಕಡೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಯ ಹಂಡೆಯನ್ನು ತೊಳೆದು, ಸಿಂಗರಿಸಿ, ಹೊಸ ನೀರು ತುಂಬಿ, ಪೂಜೆ ಮಾಡಿ, ಮಾರನೆಯ ಬೆಳಗಿನ ಎಣ್ಣೆಸ್ನಾನಕ್ಕೆ ಒಲೆ ಹೊತ್ತಿಸುವುದು ನೀರು ತುಂಬುವ ಹಬ್ಬ. ವರ್ಷವಿಡೀ ಮಸಿ ಹಿಡಿದು ಕತ್ತಲಲ್ಲಿ ಕೂತ ಪಾತ್ರೆಗೆ ಒಂದು ಸಂಜೆಯ ಮರ್ಯಾದೆ.

ತಿಪಟೂರಿನ ನಮ್ಮ ಮನೆಯಲ್ಲಿ ಆ ಮರ್ಯಾದೆಯ ಕೆಲಸ ನನಗೂ ನನ್ನ ತಮ್ಮ ಮಂಜುನಾಥನಿಗೂ ಸೇರಿತ್ತು. ಹಂಡೆಯ ಹೊರಮೈಗೆ ಹುಣಿಸೆಹಣ್ಣು, ಬೂದಿ ಹಚ್ಚಿ ಉಜ್ಜುವವಳು ನಾನು. ಅವನು ನನಗಿಂತ ಆರು ವರ್ಷ ಚಿಕ್ಕವನು, ಸಣಕಲ, ಆದ್ದರಿಂದ ಅವನನ್ನು ಹಂಡೆಯ ಒಳಗೇ ಇಳಿಸುತ್ತಿದ್ದರು. ಒಳಗಿಂದ ಅವನ ದನಿ ದೊಡ್ಡ ಸಾಹುಕಾರನ ದನಿಯ ಹಾಗೆ ಮೊಳಗುತ್ತಿತ್ತು. ಆ ದನಿ ಅವನಿಗೆ ಎಷ್ಟು ಇಷ್ಟವೆಂದರೆ ಉಜ್ಜುವುದನ್ನು ಬಿಟ್ಟು ಹಾಡುತ್ತ ಕೂತುಬಿಡುತ್ತಿದ್ದ. ನಾನು ಹೊರಗಿನಿಂದ ತೆಂಗಿನ ಚಿಪ್ಪಿನಿಂದ ಹಂಡೆಯನ್ನು ಕುಟ್ಟಿ, "ಬುಡ ಉಜ್ಜಿದ್ಯೇನೋ? ಸುಳ್ಳು ಹೇಳ್ಬೇಡ, ಕೈ ಹಾಕಿ ನೋಡ್ತೀನಿ" ಎನ್ನುತ್ತಿದ್ದೆ. ಕೈ ಹಾಕಿ ನೋಡುತ್ತಲೂ ಇದ್ದೆ. ಹನ್ನೆರಡು ವರ್ಷಕ್ಕೇ ನನಗೆ ಇನ್ನೊಬ್ಬರ ಕೆಲಸ ಪರೀಕ್ಷಿಸುವ ಚಟ. ಆಮೇಲೆ ಅಮ್ಮ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಒಲೆಗೆ ತೆಂಗಿನ ಮಟ್ಟೆ ತುಂಬಿ ಬೆಂಕಿ ಇಡುತ್ತಿದ್ದಳು. ರಾಹುಕಾಲಕ್ಕೆ ಮುಂಚೆಯೇ ಒಲೆ ಹೊತ್ತಬೇಕು, ತುಂಬಿಟ್ಟ ನೀರನ್ನು ಬೆಳಗಿನವರೆಗೆ ಯಾರೂ ಮುಟ್ಟಬಾರದು. ಎರಡೇ ಕಟ್ಟಳೆ, ಆದರೆ ಎರಡೂ ಕಬ್ಬಿಣ.

ಉಳಿದ ಕಟ್ಟಳೆಗಳನ್ನು ನಾನು ಕಲಿತದ್ದು ಮೈಸೂರಿನಲ್ಲಿ, ನರ್ಸಿಂಗ್ ಶಾಲೆಯಲ್ಲಿ. ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಸ್ನಾನ, ತಲೆಗೆ ಒಂದೇ ಬಕೆಟ್ ಬಿಸಿನೀರು, ಐದೂ ಇಪ್ಪತ್ತೈದಕ್ಕೆ ಹಾಸಿಗೆಯ ಮೂಲೆಗಳು ಲಕೋಟೆಯ ಹಾಗೆ ಮಡಿಸಿರಬೇಕು. ನಮ್ಮ ಮೇಟ್ರನ್ ಬೆರಳಿನಿಂದ ಕಿಟಕಿಯ ಅಂಚು ಸವರಿ ಬೆರಳನ್ನು ನಮಗೇ ತೋರಿಸುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ನನಗೆ ಅವರೆಂದರೆ ಹೆದರಿಕೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಿಜವೆಂದರೆ ನನಗೆ ಅವರಂತೆ ಆಗಬೇಕಿತ್ತು. ಸಿಯಾಟಲ್‌ಗೆ ಬಂದು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾಗುವ ಹೊತ್ತಿಗೆ ಬಹುಮಟ್ಟಿಗೆ ಆಗಿಯೂ ಬಿಟ್ಟಿದ್ದೆ. ಬೆರಳು ತೋರಿಸಿ ಸುಮ್ಮನಿರುವುದೊಂದು ಮಾತ್ರ ಬರಲಿಲ್ಲ. ನನ್ನದು ಬೆರಳೂ ಹೌದು, ಬಾಯಿಯೂ ಹೌದು.

ನಿವೃತ್ತಿಯ ನಂತರ ನನ್ನ ವಾರ್ಡು ಎಂದರೆ ಈ ಮನೆ, ರೋಗಿಗಳೆಂದರೆ ಇದರ ಕೊಳಾಯಿಗಳು. ಈ ಊರಿನ ಚಳಿಗಾಲದ ವಿಷಯ ನಿಮಗೆ ಗೊತ್ತಲ್ಲ. ಅಕ್ಟೋಬರಿನಲ್ಲಿ ಹಿಡಿದ ಜಿಟಿಜಿಟಿ ಏಪ್ರಿಲ್‌ವರೆಗೆ ಬಿಡುವುದಿಲ್ಲ. ನಡುನಡುವೆ ಹೇಳದೆ ಕೇಳದೆ ಮೂರು ದಿನ ನೀರು ಹೆಪ್ಪುಗಟ್ಟುವ ಚಳಿ. ಆ ಮೂರು ದಿನದಲ್ಲಿ ಗೋಡೆಯೊಳಗಿನ ಪೈಪು ಒಡೆದರೆ ಮನೆಯೇ ಕೆರೆ. ಅದಕ್ಕಾಗಿ ನನ್ನ ಅಕ್ಟೋಬರ್ ಪಟ್ಟಿ ಗ್ಯಾರೇಜಿನ ಗೋಡೆಯ ಮೇಲಿದೆ. ತೋಟದ ಪೈಪುಗಳನ್ನು ಬಿಚ್ಚಿ ನೀರು ಬಸಿದು ಸುತ್ತಿಡಬೇಕು. ಮಳೆನೀರು ಹರಿಯುವ ಸೂರಿನ ದೋಣಿಗಳಲ್ಲಿ ತುಂಬಿದ ಮೇಪಲ್ ಎಲೆ ತೆಗೆಯಬೇಕು. ನೆಲದಡಿಯ ಪೈಪುಗಳ ಸುತ್ತಿನ ಹೊದಿಕೆ ಹರಿದಿದೆಯೇ ಎಂದು ಟಾರ್ಚು ಹಿಡಿದು ನೋಡಬೇಕು. ಹೊರಗಿನ ನಲ್ಲಿಗಳಿಗೆ ಟೋಪಿ ಹಾಕಬೇಕು. ಥರ್ಮೋಕೋಲಿನ ಹಗುರ ಟೋಪಿ, ಅಂಗಡಿಯಲ್ಲೇ ಸಿಗುತ್ತದೆ. ಒಂದು ವರ್ಷ ಅದು ಗಾಳಿಗೆ ಹಾರಿಹೋಗಿ, ನಮ್ಮ ಮನೆಯವರು ತಮ್ಮ ಮಂಗನ ಟೋಪಿಯನ್ನೇ ರಸ್ತೆ ಕಡೆಯ ನಲ್ಲಿಗೆ ತೊಡಿಸಿ, ಗಲ್ಲದ ಕೆಳಗೆ ದಾರವನ್ನೂ ಕಟ್ಟಿಬಿಟ್ಟರು. ಅಂಚೆಯವಳು ಅದಕ್ಕೆ ದಿನಾ ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಿದ್ದಳು. ನನಗೆ ಅವಮಾನ, ಅವರಿಗೆ ಹೆಮ್ಮೆ.

ಪಟ್ಟಿಯ ಕೊನೆಯ ಕೆಲಸ ವಾಟರ್ ಹೀಟರು. ನನ್ನೆತ್ತರದ ಬಿಳಿಯ ತೊಟ್ಟಿ ಅದು. ವರ್ಷಕ್ಕೊಮ್ಮೆ ಕರೆಂಟ್ ತೆಗೆದು, ಅದನ್ನು ಪೂರ್ತಿ ಬಸಿದು, ತಳದಲ್ಲಿ ಕೂತ ಗಸಿಯನ್ನು ತೊಳೆದು ಮತ್ತೆ ತುಂಬಬೇಕು. ಮೊದಲ ಸಲ ಆ ಗಸಿ ಬಕೆಟ್ಟಿಗೆ ಇಳಿದದ್ದನ್ನು ನೋಡಿದಾಗ ನನಗೆ ನಗು ಬಂತು. ತೊಳೆಯುವುದು, ತುಂಬುವುದು, ಕಾಯಿಸುವುದು. ಹಬ್ಬವನ್ನು ಬಿಟ್ಟುಬಂದೆ ಅಂದುಕೊಂಡಿದ್ದೆ, ಅದು ಗ್ಯಾರೇಜಿನಲ್ಲಿ ನಿಂತು ಕಾಯುತ್ತಿದೆ! ಅಂದಿನಿಂದ ಆ ಕೆಲಸವನ್ನು ನೀರು ತುಂಬುವ ಹಬ್ಬದ ದಿನವೇ ಇಟ್ಟುಕೊಂಡೆ. ಬಿಳಿ ಹೀಟರಿನ ಮೇಲೆ ಸುಣ್ಣ ಕಾಣದು, ಆದ್ದರಿಂದ ಬರೀ ಕೆಮ್ಮಣ್ಣು. ಹಿಂಡ್ಲೆಕಾಯಿ ಬಳ್ಳಿಗೆ ಬದಲು ಹಿತ್ತಲ ಬೇಲಿಗೆ ಹಬ್ಬಿದ ಐವಿ.

ಪಟ್ಟಿಯಲ್ಲಿ ಈ ಕೆಲಸದ ಮುಂದೆ ನಾನೇ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ ಬರೆದಿದ್ದೆ. ತೊಟ್ಟಿ ಕಂಠಪೂರ್ತಿ ತುಂಬುವವರೆಗೆ ಕರೆಂಟ್ ಹಾಕಕೂಡದು. ಕಾಯಿಲ್ ನೀರಿನಲ್ಲಿ ಮುಳುಗಿರಬೇಕು, ಗಾಳಿಯಲ್ಲಿದ್ದರೆ ಒಂದೆರಡು ನಿಮಿಷಕ್ಕೇ ಸುಟ್ಟುಹೋಗುತ್ತದೆ. ತುಂಬಿತೆಂದು ತಿಳಿಯಲು ಮಹಡಿಯ ಬಿಸಿನೀರಿನ ನಲ್ಲಿಯನ್ನು ತೆರೆದಿಡಬೇಕು. ಮೊದಲು ಅದು ಕೆಮ್ಮುತ್ತದೆ, ಉಗುಳುತ್ತದೆ. ನೀರು ಒಂದೇ ಧಾರೆಯಾಗಿ ಬಿದ್ದ ಮೇಲೆಯೇ ಸ್ವಿಚ್ಚು.

ಈಗ ಮಂಜನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಕೊಳಾಯಿ, ಟೋಪಿ ಎಂದು ಸುತ್ತಾಡಿದ್ದು ಅದಕ್ಕೆ ಹೆದರಿಯೇ ಇರಬಹುದು.

ಅಮ್ಮನನ್ನು ಕೊನೆಯ ಏಳು ತಿಂಗಳು ನೋಡಿಕೊಂಡವನು ಅವನು. ಮೇಷ್ಟ್ರ ಕೆಲಸಕ್ಕೆ ರಜೆ ಹಾಕಿ, ಅವಳನ್ನು ಎತ್ತಿ ಕೂರಿಸಿ, ಮೈ ಒರೆಸಿ, ಗಂಜಿ ಕುಡಿಸಿದವನು. ನಾನು ಇಲ್ಲಿಂದ ಕಾಲಿಂಗ್ ಕಾರ್ಡ್ ಉಜ್ಜಿ ಫೋನಿನಲ್ಲಿ ಮಾತ್ರೆಯ ಹೊತ್ತು ಹೇಳುತ್ತಿದ್ದೆ. ನಾನು ತಿಪಟೂರು ತಲುಪುವಾಗ ಅಮ್ಮ ಹೋಗಿ ಮೂರು ದಿನವಾಗಿತ್ತು. ಹದಿಮೂರನೆಯ ದಿನ, ನೆಂಟರೆಲ್ಲ ಊಟ ಮುಗಿಸಿ ಕೂತಿದ್ದಾಗ, ನಾನು ಅವಳ ಮಾತ್ರೆಯ ಡಬ್ಬಿ ತೆಗೆದು ಎಣಿಸಿದೆ. ನಾಲ್ಕು ಹೆಚ್ಚು ಉಳಿದಿದ್ದವು. ಅಷ್ಟು ಜನರ ಎದುರು, "ಹೊತ್ತು ಹೊತ್ತಿಗೆ ಕೊಟ್ಟಿದ್ರೆ ಇನ್ನೊಂದ್ ವರ್ಷ ಇರ್ತಿದ್ಲು" ಎಂದೆ. ಮಂಜ ನನ್ನ ಮುಖವನ್ನು ಒಂದು ಸಲ ನೋಡಿ, ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆಮೇಲೆ ಒಂಬತ್ತು ವರ್ಷ ಅವನಿಂದ ಒಂದು ಫೋನಿಲ್ಲ, ಕಾಗದವಿಲ್ಲ. ನಾನು ಕರೆ ಮಾಡಿದರೆ ಅವನ ಹೆಂಡತಿ, "ಇವರು ಸ್ನಾನಕ್ಕೆ ಹೋಗಿದಾರೆ ಅತ್ತಿಗೆ" ಎನ್ನುತ್ತಿದ್ದಳು. ಒಂಬತ್ತು ವರ್ಷದ ಸ್ನಾನ.

ಈ ಕಾಯಿಲ್ ಸುಟ್ಟ ವರ್ಷ ಅವನ ಮಗಳು ಸುಮಾಳ ಬಾಣಂತನಕ್ಕೆಂದು ಮಂಜ, ಅವನ ಹೆಂಡತಿ ಇಬ್ಬರೂ ಬಂದರು. ಸುಮಾಳ ಮನೆ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ. ಅಲ್ಲಿಂದ ನಮ್ಮ ಮನೆಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ದಾಟಲು ಮಂಜ ಎರಡು ತಿಂಗಳು ತೆಗೆದುಕೊಂಡ. ಕೊನೆಗೆ ಸುಮಾ ಫೋನ್ ಮಾಡಿದಳು.

"ಅತ್ತೆ, ಅಪ್ಪ ಹಬ್ಬಕ್ಕೆ ಬರ್ತೀನಿ ಅಂದಿದಾರೆ. ಶನಿವಾರ ನಾನೇ ಡ್ರಾಪ್ ಮಾಡ್ತೀನಿ. ನೀವು ಹಳೇದೇನೂ ಎತ್ಬೇಡಿ, ಪ್ಲೀಸ್. ಸುಮ್ನೆ ಊಟ ಹಾಕಿ."

"ಎಷ್ಟ್ ದಿನ ಇರ್ತಾನಂತೆ?"

"ಎರಡು ದಿನ ಅಂದಿದಾರೆ. ಸೋಮವಾರ ಬೆಳಿಗ್ಗೆನೇ ನಾನು ಕರ್ಕೊಂಡ್ ಹೋಗೋಕೆ ಬಂದ್ರೂ ಆಯ್ತು ಅಂತಾನೂ ಅಂದ್ರು."

ಎಂದರೆ ನನಗಿದ್ದದ್ದು ಎರಡು ದಿನ. ಅಷ್ಟರಲ್ಲಿ ನನ್ನ ತಮ್ಮ ನನಗೆ ಮರಳಿ ಸಿಗಬೇಕು, ಇಲ್ಲದಿದ್ದರೆ ಇಬ್ಬರಿಗೂ ವಯಸ್ಸಾಯಿತು, ಇನ್ನೊಂದು ಸಲ ಎಂಬುದಿಲ್ಲ. ಮಾತಿನಿಂದ ಆಗದೆಂದು ನನಗೆ ಗೊತ್ತಿತ್ತು, ಮಾತು ನನ್ನ ಕೈ ಹಿಡಿದದ್ದು ಕಡಿಮೆ. ಅಮ್ಮ ಮಾಡುತ್ತಿದ್ದ ಹಬ್ಬವನ್ನು ಕೂದಲೆಳೆ ತಪ್ಪದೆ ಮಾಡಿಬಿಡುತ್ತೇನೆ, ಬೆಳಗಿನ ಜಾವ ಅವನ ತಲೆಗೆ ಎಣ್ಣೆಯಿಟ್ಟು ಬಿಸಿನೀರು ಕೊಡುತ್ತೇನೆ, ಉಳಿದದ್ದನ್ನು ಬಿಸಿನೀರು ನೋಡಿಕೊಳ್ಳಲಿ ಎಂದುಕೊಂಡೆ.

ಹೆಂಡತಿಯನ್ನು ಬಾಣಂತಿಯ ಬಳಿ ಬಿಟ್ಟು ಮಂಜ ಒಬ್ಬನೇ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಶನಿವಾರ ರಾತ್ರಿ ಊಟಕ್ಕೆ ಕೂತವನು ನಮ್ಮ ಮನೆಯವರೊಡನೆ ಮಳೆ, ಸೇತುವೆ, ಮೊಮ್ಮಗು ಎಂದು ಮಾತಾಡಿದ. ನನ್ನೊಡನೆ, "ನೀವೂ ಕೂತ್ಕೊಳಿ, ನಾವು ಬಡಿಸ್ಕೊತೀವಿ" ಎಂದ. ಹಂಡೆಯೊಳಗಿಂದ "ಹೋಗೇ" ಎನ್ನುತ್ತಿದ್ದ ಹುಡುಗ ನನಗೆ ಈಗ ಬಹುವಚನ ಕೊಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಮಧ್ಯಾಹ್ನ ಹೀಟರಿನ ಕೆಲಸಕ್ಕೆ ಇಳಿದೆ. ಎಂದೂ ಆಗದ್ದು ಆ ದಿನ ಆಯಿತು: ಗಸಿ ಕಟ್ಟಿಕೊಂಡು ತಳದ ನಲ್ಲಿ ನೀರನ್ನೇ ಬಿಡದು. ತಂತಿ ತೂರಿಸಿ ಕೆದಕಿ ಬಿಡಿಸುವಷ್ಟರಲ್ಲಿ ಒಂದೂವರೆ ಗಂಟೆ ತಡ. ಮತ್ತೆ ನೀರು ತುಂಬಲು ಬಿಟ್ಟಾಗ ನಾಲ್ಕೂ ಹತ್ತು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರು. ವರ್ಷವಿಡೀ ನಾನು ಪಂಚಾಂಗ ತಿರುವುವವಳಲ್ಲ. ಆದರೆ ಆ ದಿನ ಎಲ್ಲವೂ ಅಮ್ಮನ ಹಾಗೇ ನಡೆಯಬೇಕಿತ್ತು. ಮಂಜ ಗ್ಯಾರೇಜಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ನಾನು ಪಟ್ಟೆ ಎಳೆದೆ, ಐವಿ ಸುತ್ತಿದೆ, ದೀಪ ಹಚ್ಚಿ ಆರತಿ ಎತ್ತಿದೆ. ಗಡಿಯಾರ ನಾಲ್ಕೂ ಇಪ್ಪತ್ತೈದು.

ಮಹಡಿಯಿಂದ ನಮ್ಮ ಮನೆಯವರು ಕೂಗಿದರು. "ಇನ್ನೂ ತುಂಬಿಲ್ಲ ಕಣೇ! ನಲ್ಲಿ ಇನ್ನೂ ಕೆಮ್ತಾ ಇದೆ!"

"ತುಂಬುತ್ತೆ ಬಿಡ್ರೀ, ಇನ್ನೇನು ಬಂತು!" ಎಂದು ಕೂಗಿ ನಾನು ಸ್ವಿಚ್ಚು ಹಾಕಿದೆ. ಒಲೆ ಹೊತ್ತಿತು ಎಂದು ಕೈಮುಗಿದೆ. ಬೆಳಗಿನವರೆಗೆ ಯಾರೂ ಬಿಸಿನೀರು ಮುಟ್ಟಕೂಡದು ಎಂದು ಅಪ್ಪಣೆ ಮಾಡಿ, ಮುಸುರೆಯನ್ನೂ ತಣ್ಣೀರಿನಲ್ಲೇ ತೊಳೆದೆ.

ಸೋಮವಾರ ಬೆಳಿಗ್ಗೆ ಐದಕ್ಕೆ ಎಲ್ಲರೂ ಎದ್ದೆವು. ಇಲ್ಲಿ ಆ ಕಾಲದಲ್ಲಿ ಸೂರ್ಯ ಏಳುವುದು ಎಂಟರ ಹೊತ್ತಿಗೆ, ಅದೂ ಎದ್ದರೆ. ಆದರೂ ಐದು ಎಂದರೆ ಐದು. ಅಡುಗೆಮನೆಯ ನೆಲಕ್ಕೆ ಪೇಪರು ಹಾಸಿ, ಮಣೆ ಇಟ್ಟು ಮಂಜನನ್ನು ಕೂರಿಸಿ ತಲೆಗೆ ಎಣ್ಣೆ ಒತ್ತಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಅವನ ನೆತ್ತಿಯ ಮೇಲೆ ಅಂಗೈ ಇಟ್ಟಾಗ ನನಗೆ ಏನೇನೋ ಹೇಳಬೇಕೆನ್ನಿಸಿತು, ಹೇಳಿದ್ದು ಮಾತ್ರ "ಕಿವಿ ಹಿಂದೆ ನೀನೇ ಹಚ್ಕೋ" ಎಂದು. ಹಚ್ಚಿಕೊಂಡು ಬಚ್ಚಲಿಗೆ ಹೋದ.

ಅರ್ಧ ನಿಮಿಷಕ್ಕೆ ಮನೆ ನಡುಗುವ ಹಾಗೆ ಕೂಗು ಕೇಳಿಸಿತು. "ಅಕ್ಕಾ! ಐಸು ಕಣಕ್ಕಾ, ಐಸು!"

ನಾನು ಬಾಗಿಲ ಹೊರಗೆ ನಿಂತು, "ಎಡಕ್ಕೆ ತಿರುಗ್ಸೋ!" ಎಂದೆ.

"ತಿರುಗ್ಸಿದೀನಿ!"

"ಪೂರ್ತಿ ಎಡಕ್ಕೆ! ಈ ದೇಶದಲ್ಲಿ ಎರಡು ತಿಂಗಳಿಂದ ಇದೀಯ, ಒಂದು ನಲ್ಲಿ ತಿರುಗ್ಸೋಕೆ ಬರಲ್ವಾ ನಿಂಗೆ?"

"ಇನ್ನೂ ತಿರುಗ್ಸಿದ್ರೆ ಕಿತ್ತು ಕೈಗೇ ಬರುತ್ತೆ! ಬಿಸಿನೀರೇ ಇಲ್ಲ ಕಣೇ ಮಾರಾಯ್ತಿ!"

ನಮ್ಮ ಮನೆಯವರು ಗ್ಯಾರೇಜಿಗೆ ಹೋಗಿ ಹೀಟರಿನ ಪೈಪು ಮುಟ್ಟಿ ಬಂದರು. ತಣ್ಣಗಿದೆ ಎಂದು ತಲೆಯಾಡಿಸಿದರು. "ಕೆಮ್ತಾ ಇದೆ ಅಂದಿದ್ದೆ" ಎಂದಷ್ಟೇ ಹೇಳಿ ಕಾಫಿ ಡಿಕಾಕ್ಷನ್ನಿನ ಕಡೆ ಹೋದರು. ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಗೆಲುವನ್ನು ಅಷ್ಟಕ್ಕೇ ಬಿಟ್ಟರು.

ನಾಲ್ಕು ಒಲೆಗಳ ಮೇಲೂ ನೀರಿಟ್ಟೆ. ಕುಕ್ಕರು, ಸಾರಿನ ಪಾತ್ರೆ, ಇಡ್ಲಿ ಪಾತ್ರೆ, ಹಾಲಿನ ಪಾತ್ರೆ. ಮಂಜ ಮೈಗೆ ಎಣ್ಣೆ, ಅದರ ಮೇಲೆ ಟವಲು, ಅದರ ಮೇಲೆ ನಮ್ಮ ಮನೆಯವರ ಮಳೆಯ ಜಾಕೀಟು ಹೊದ್ದು ಸ್ಟೂಲಿನ ಮೇಲೆ ಹಲ್ಲು ಕಟಕಟಿಸುತ್ತ ಕೂತ.

"ಎಷ್ಟ್ ಪಾತ್ರೆ ಇಟ್ಟಿದೀಯೇ? ಮದುವೆ ಅಡುಗೆನಾ?"

"ನಾನೇ ಕಣೋ" ಎಂದೆ. "ತುಂಬೋಕೆ ಮುಂಚೆ ಸ್ವಿಚ್ ಹಾಕಿ ಸುಟ್ಟುಹಾಕ್ದೋಳು ನಾನು. ಭಾವ ಬೇಡ ಅಂದ್ರೂ ಕೇಳ್ಲಿಲ್ಲ. ಬಾಗಿಲಲ್ಲಿ ನಿಂತ್ಕೊಂಡು ನಿಂಗೇ ಬೈದೆ." ತೊಳೆದ ಸೌಟನ್ನೇ ಮತ್ತೆ ತೊಳೆದೆ. "ಅವತ್ತೂ ಹಂಗೇ ಮಾಡ್ದೆ."

ಮಂಜ ಜಾಕೀಟನ್ನು ಎದೆಗೆ ಎಳೆದುಕೊಂಡ. ಆಮೇಲೆ ಹೇಳಿದ. "ಕೊನೇ ಎರಡು ದಿನ ಅಮ್ಮ ಬಾಯಿ ಬಿಡ್ಲಿಲ್ಲ ಕಣಕ್ಕ. ಮಾತ್ರೆ ಹಿಡ್ಕೊಂಡ್ ಹೋದ್ರೆ ಮುಖ ಗೋಡೆ ಕಡೆ ತಿರುಗಿಸ್ಕೊಳ್ಳೋಳು. ‘ಸಾಕು ಕಣೋ ಮಂಜ, ಇವತ್ತೊಂದಿನ ಬಿಡು’ ಅಂದ್ಲು. ದವಡೆ ಹಿಡಿದು ನುಂಗಿಸೋಕೆ ನಂಗೆ ಕೈ ಬರ್ಲಿಲ್ಲ."

"ಅದನ್ನ ಅವತ್ತೇ ಹೇಳಬಾರದಿತ್ತೇನೋ?"

"ನೀನು ಕೇಳ್ದ್ಯಾ? ಎಣಿಸ್ದೆ, ಅಷ್ಟೆ."

ಒಂಬತ್ತು ವರ್ಷದಿಂದ ನಾನೊಬ್ಬಳೇ ಬಲ್ಲ ಒಂದು ಸಂಗತಿ ಇತ್ತು. ಅದನ್ನು ಈಗ ಹೇಳದಿದ್ದರೆ ಇವನು ಸ್ನಾನ ಮಾಡಿ, ಹೋಳಿಗೆ ತಿಂದು, ಬಹುವಚನದಲ್ಲಿ ಹೋಗಿಬರುತ್ತೇನೆಂದು ಹೇಳಿ ಹೊರಟುಬಿಡುತ್ತಾನೆ.

"ಇನ್ನೊಂದ್ ವರ್ಷ ಇರ್ತಿದ್ಲು ಅಂದೆನಲ್ಲ, ಅದು ಸುಳ್ಳು ಕಣೋ. ಅವತ್ತೇ ನಂಗೆ ಗೊತ್ತಿತ್ತು. ಮೂವತ್ತು ವರ್ಷ ಅಂಥವರನ್ನ ನೋಡಿದೀನಿ. ಆ ನಾಲ್ಕು ಮಾತ್ರೆಯಿಂದ ಒಂದಿನಾನೂ ಹೆಚ್ಚಾಗ್ತಿರ್ಲಿಲ್ಲ. ಊರಿಗೆಲ್ಲಾ ಮಾಡ್ದೆ, ಅಮ್ಮಂಗೆ ನಾನು ಏನೂ ಮಾಡ್ಲಿಲ್ಲ. ಎಲ್ಲಾ ನೀನು ಮಾಡಿದ್ದೆ. ಅದನ್ನ ನೋಡೋಕೆ ನಂಗಾಗ್ಲಿಲ್ಲ."

ಹೊರಗೆ ಸೂರಿನಿಂದ ನೀರು ಸುರಿಯುತ್ತಿತ್ತು. ಮಂಜ ಟವಲಿನ ತುದಿಯಿಂದ ಮುಖ ಒರೆಸಿಕೊಂಡ, ಎಣ್ಣೆಯೋ ಏನೋ. "ಕುಕ್ಕರಿಂದು ಕುದೀತಿದೆ. ಮೊದ್ಲು ಅದನ್ನ ಇಳಿಸು" ಎಂದ.

ಇಳಿಸಿದೆ. ಬಕೆಟ್ಟಿನಲ್ಲಿ ಬೆರೆಸಿ ಕೊಟ್ಟೆ. ಒಳಗಿಂದ ಚೊಂಬಿನ ಸದ್ದು, ಆಮೇಲೆ ಸಣ್ಣಗೆ ಅವನ ಗುನುಗು. ಅವನಾದ ಮೇಲೆ ನಮ್ಮ ಮನೆಯವರ ಸ್ನಾನ. ಅಷ್ಟರಲ್ಲಿ ಪಾತ್ರೆಗಳೆಲ್ಲ ಖಾಲಿ. ನಾನು ಇಡ್ಲಿ ಹಿಟ್ಟಿನ ಕಡೆ ತಿರುಗಿದ್ದೆ, ನನ್ನ ಸ್ನಾನ ಹೊತ್ತಾದ ಮೇಲೆ ನೋಡಿದರಾಯಿತು ಎಂದು.

"ಏ, ನಿಂದಾಯ್ತಾ?" ಎಂದ ಮಂಜ, ತಲೆ ಒರೆಸಿಕೊಳ್ಳುತ್ತ.

"ನಂದಿರ್ಲಿ ಬಿಡೋ."

"ಇರ್ಲಿ ಏನು? ಹಬ್ಬದ ದಿನ. ನಡಿ ಮೇಲಕ್ಕೆ, ನಾನು ತರ್ತೀನಿ."

ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿ ಅವನೇ ಒಲೆಗೆ ನೀರಿಟ್ಟ. ನಾನು ಬಚ್ಚಲಲ್ಲಿ ಎಣ್ಣೆ ಹಚ್ಚಿಕೊಂಡು ಕೂತೆ. ಎಷ್ಟೋ ಹೊತ್ತಿಗೆ ಮೆಟ್ಟಿಲ ಮೇಲೆ ಅವನ ಭಾರದ ಹೆಜ್ಜೆ ಕೇಳಿಸಿತು. ನಡುನಡುವೆ ಬಕೆಟ್ಟನ್ನು ಕೆಳಗಿಟ್ಟು ಏದುಸಿರು ಬಿಡುತ್ತಿದ್ದ. ಅವನಿಗೂ ಅರುವತ್ತಾಗಿತ್ತಲ್ಲ. ಬಾಗಿಲ ಹೊರಗೆ ಬಕೆಟ್ ಇಟ್ಟು, ಎರಡು ಸಲ ಬಡಿದು, ಅಲ್ಲೇ ನಿಂತುಕೊಂಡ. ನಾನು ಬಕೆಟ್ಟನ್ನು ಒಳಗೆಳೆದುಕೊಂಡ ಮೇಲೂ ಹೋಗಲಿಲ್ಲ.

"ಬಿಸಿ ಸಾಕೇನೇ ಅಕ್ಕ?" ಎಂದು ಕೇಳಿದ.

ನಾನು ಕೈ ಅದ್ದಿ ನೋಡಿದೆ. ಉಗುರು ಬೆಚ್ಚಗೂ ಇರಲಿಲ್ಲ. "ಸಾಕು ಕಣೋ, ಹದವಾಗಿದೆ" ಎಂದು ಮೊದಲ ಚೊಂಬನ್ನು ತಲೆಯ ಮೇಲೆ ಸುರಿದುಕೊಂಡೆ.